ದೋಣಿಗೆ ಬ್ರೇಕಿಲ್ಲ

ನನ್ನ ಅಕ್ಕನ ಬಲಗಾಲು ಅವಳ ಮಾತು ಕೇಳುವುದಿಲ್ಲ. ಅವಳು ಡ್ರೈವಿಂಗ್ ಶಾಲೆಯಲ್ಲಿ ಕಲಿಸುವವಳು. ಕಲಿಯುವವರ ಪಕ್ಕದ ಸೀಟಿನಲ್ಲಿ ಅವಳ ಕಾಲಡಿಗೂ ಒಂದು ಬ್ರೇಕು ಇದೆ. ನಾಯಿ ಅಡ್ಡ ಬಂದಾಗ, ಲಾರಿ ಎದುರು ಬಂದಾಗ, ಕಲಿಯುವವರು ಹೆದರಿ ಕಣ್ಣು ಮುಚ್ಚಿಕೊಂಡಾಗ ಅದನ್ನು ಒತ್ತಿ ಒತ್ತಿ, ಈಗ ಆ ಕಾಲು ಬ್ರೇಕು ಇಲ್ಲದ ಕಡೆಯೂ ಒತ್ತುತ್ತದೆ. ಊಟದ ಮೇಜಿನ ಕೆಳಗೆ ಒತ್ತುತ್ತದೆ. ಟಿವಿಯಲ್ಲಿ ಯಾರಾದರೂ ಓಡಿದರೆ ಒತ್ತುತ್ತದೆ. ನನ್ನ ಹೊಲಿಗೆ ಅಂಗಡಿಯ ಸ್ಟೂಲಿನ ಮೇಲೆ ಕೂತು ಹರಟುವಾಗ ಮಷೀನು ತುಳಿಯುವ ನನಗಿಂತ ಅವಳ ಕಾಲೇ ಹೆಚ್ಚು ದುಡಿಯುತ್ತದೆ. ಹೊಲಿಗೆ ಮಾತ್ರ ನಾನೇ ಹಾಕಬೇಕು.

ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು ಅಂತ ಅಮ್ಮ ಹೇಳುತ್ತಿದ್ದಳು. ನಾನು ತದ್ವಿರುದ್ಧ, ಕೂತಲ್ಲೇ ಬೇರು ಬಿಡುವವಳು. ತಾಳಿದವನು ಬಾಳಿಯಾನು ಅನ್ನುವುದು ನನ್ನ ನಂಬಿಕೆ. ತಾಳಿದವನಿಗೆ ಬಸ್ಸು ತಪ್ಪೀತು ಅನ್ನುವುದು ಅವಳದು.

ಇಂಥವಳು ನಮ್ಮ ಕೆರೆಯ ದೋಣಿ ಸಂಘಕ್ಕೆ ಕಾರ್ಯದರ್ಶಿಯಾದದ್ದು ಒಂದು ಕಿಟಕಿಯ ದೆಸೆಯಿಂದ. ಸಭೆಯಲ್ಲಿ ಹಳೆಯ ಕಾರ್ಯದರ್ಶಿ, "ಇನ್ನು ನನ್ನ ಕೈಲಾಗಲ್ಲ, ಯಾರು ವಹಿಸ್ಕೋತೀರಿ?" ಎಂದು ಕೇಳುವುದಕ್ಕೂ, ಗಾಳಿಗೆ ಬಡಿಯುತ್ತಿದ್ದ ಕಿಟಕಿ ಮುಚ್ಚಲು ಅಕ್ಕ ಎದ್ದು ನಿಲ್ಲುವುದಕ್ಕೂ ಸರಿಹೋಯಿತು. ಎಲ್ಲರೂ ಚಪ್ಪಾಳೆ ತಟ್ಟಿಬಿಟ್ಟರು. ಕಿಟಕಿ ಮುಚ್ಚಿ ತಿರುಗುವಷ್ಟರಲ್ಲಿ ಅವಳ ಕೈಗೆ ಸಂಘದ ಮೊಹರೂ ಶೆಡ್ಡಿನ ಬೀಗದಕೈಯೂ ಬಂದಿದ್ದವು. ಬೇಡ ಅನ್ನಬಹುದಿತ್ತು, ಅನ್ನಲಿಲ್ಲ. ಅದಕ್ಕೆ ಕಾರಣ ಆ ಶೆಡ್ಡಿನೊಳಗೆ ಟಾರ್ಪಾಲು ಹೊದ್ದು ಮಲಗಿದ್ದ ಒಂದು ದೋಣಿ, ಭಾವನದು.

ಭಾವ ಅಂದರೆ ಅಕ್ಕನ ಗಂಡ. ಒಂದು ಕಾಲಕ್ಕೆ ಈ ಕೆರೆಯ ಮೋಟಾರು ದೋಣಿ ಓಟದಲ್ಲಿ ಅವರನ್ನು ಹಿಂದೆ ಹಾಕುವವರಿರಲಿಲ್ಲ. ದಡದಲ್ಲಿ ನಿಂತು "ನಿಧಾನ, ನಿಧಾನ" ಎಂದು ಕೂಗುತ್ತಿದ್ದವಳು ಇಡೀ ಊರಿಗೆ ಅಕ್ಕ ಒಬ್ಬಳೇ. ಮನೆಯಲ್ಲೂ ಅದೇ ಕಥೆ. ಚಹಾ ಕುಡಿದರೆ ನಿಧಾನ, ಮೆಟ್ಟಿಲಿಳಿದರೆ ನಿಧಾನ. ತಾನು ಮಾತ್ರ ಬಿರುಗಾಳಿ. ಆರು ವರ್ಷದ ಹಿಂದೆ ಬಂದರಿನಲ್ಲಿ ರಕ್ಷಣಾ ದೋಣಿ ಓಡಿಸುವುದನ್ನು ಕಲಿಸುವ ಕೆಲಸ ಸಿಕ್ಕಾಗ ಭಾವ, "ಮದುವೆ ಆದಾಗಿಂದ ನಾನು ಎಲ್ ಬೋರ್ಡ್ ಹಾಕ್ಕೊಂಡೇ ಇದ್ದೀನಿ ಕಣೇ. ಸಾಕಾಗಿದೆ," ಅಂದರು. ಬ್ಯಾಗು ತೆಗೆದುಕೊಂಡರು. ಬಾಗಿಲಲ್ಲಿ ನಿಂತು, "ಬರ್ತೀನಿ," ಅಂದರು.

ನಮ್ಮ ಮಾತಿನಲ್ಲಿ ಹೊರಡುವವರು ಯಾರೂ ಹೋಗ್ತೀನಿ ಅನ್ನುವುದಿಲ್ಲ. ಸಾಲ ಕೇಳಲು ಬಂದವನೂ ಬರ್ತೀನಿ ಅನ್ನುತ್ತಾನೆ, ಜಗಳವಾಡಿ ಎದ್ದವನೂ ಬರ್ತೀನಿ ಅನ್ನುತ್ತಾನೆ. ಅದು ಗೊತ್ತಿಲ್ಲದ ಮೂರ್ಖಳಲ್ಲ ಅಕ್ಕ. ಆದರೂ ಅವಳು ಆ ಮಾತನ್ನು ಮಾತೆಂದೇ ಹಿಡಿದುಕೊಂಡಳು. ಯಾವಾಗ ಅಂತ ಕೇಳಲಿಲ್ಲ. ಭಾವ ಬರಲೂ ಇಲ್ಲ, ಬರುವುದಿಲ್ಲ ಎಂದು ಕಡ್ಡಿ ಮುರಿದಂತೆ ಹೇಳಲೂ ಇಲ್ಲ. ಅಪರೂಪಕ್ಕೆ ನನಗೆ ಫೋನ್ ಮಾಡಿ ಎರಡು ಮಾತು ಕೇಳುತ್ತಿದ್ದರು: "ಅವಳು ಹೇಗಿದಾಳೆ? ದೋಣಿಗೆ ಗೆದ್ದಲು ಹಿಡೀಲಿಲ್ಲ ತಾನೆ?"

ಹಾಗಿರುವಾಗ ಪುರಸಭೆಯಿಂದ ನೋಟಿಸು ಬಂತು. ಎರಡು ವರ್ಷದಿಂದ ಓಟ ನಡೆದಿಲ್ಲ. ಈ ವರ್ಷವೂ ನಡೆಯದಿದ್ದರೆ ಅನುಮತಿ ರದ್ದು, ಶೆಡ್ಡು ಖಾಲಿ ಮಾಡಬೇಕು, ಒಳಗಿರುವ ದೋಣಿಗಳನ್ನು ಮಾಲೀಕರು ಎತ್ತಿಕೊಂಡು ಹೋಗಬೇಕು, ಇಲ್ಲದಿದ್ದರೆ ಗುಜರಿಗೆ. ಅಕ್ಕ ಅದನ್ನು ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು ಓದಿದಳು. ಕಾಲು ನೆಲ ಕೊರೆಯುವಂತೆ ಒತ್ತುತ್ತಿತ್ತು.

"ದೋಣಿ ಇಲ್ಲಿದ್ರೆ ತಾನೆ ಅವರಿಗೆ ಬರೋಕೆ ಒಂದು ನೆಪ," ಅಂದಳು. "ಅದೂ ಹೋದ್ರೆ ಇನ್ನೇನಿದೆ ಇಲ್ಲಿ ಅವರದು?"

ನೀನಿದ್ದೀಯಲ್ಲ ಎಂದು ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಅವತ್ತಿನಿಂದ ನನ್ನ ಹೊಲಿಗೆ ಅಂಗಡಿ ದೋಣಿ ಸಂಘದ ಕಚೇರಿಯಾಯಿತು. ಅಳತೆ ಕೊಡಲು ಬಂದವರು ಅರ್ಜಿಗಳ ಮೇಲೆ ಕೂರಬೇಕಾಯಿತು.

ಪುರಸಭೆಯಲ್ಲಿ ಕೆರೆಯ ಉಸ್ತುವಾರಿ ಒಬ್ಬ ಅಧಿಕಾರಿಯದು. ಊರಿನಲ್ಲಿ ಅವರಿಗೆ ನೋಡೋಣ ಸಾಹೇಬರು ಅಂತಲೇ ಹೆಸರು. ಯಾರು ಏನು ಕೇಳಿದರೂ ಕನ್ನಡಕ ಒರೆಸುತ್ತ, "ನೋಡೋಣ," ಅನ್ನುತ್ತಾರೆ. ಹಾಗಂದರೆ ಆಗುವುದಿಲ್ಲ ಅಂತ ಅರ್ಥ ಮಾಡಿಕೊಂಡು ಮರ್ಯಾದಸ್ಥರು ಮನೆಗೆ ಹೋಗುತ್ತಾರೆ. ಅಕ್ಕನಿಗೂ ಅವರು ಹಾಗೇ ಅಂದರು.

"ನೋಡೋಣ ಅಂದ್ರಲ್ಲ ಸಾರ್, ನಡೀರಿ. ಗಾಡಿ ಹೊರಗೇ ಇದೆ," ಅಂದಳು ಅಕ್ಕ.

"ಈಗ್ಲಾ?"

"ಮತ್ಯಾವಾಗ? ಕತ್ತಲಾದ್ಮೇಲೆ ಕೆರೆ ಕಾಣುತ್ತಾ?"

ಆ ಮನುಷ್ಯ ತನ್ನ ನೌಕರಿಯಲ್ಲಿ ಮೊದಲ ಸಲ ನೋಡೋಣ ಅಂದದ್ದನ್ನು ನೋಡಲು ಹೊರಟರು. ಡ್ರೈವಿಂಗ್ ಶಾಲೆಯ ಕಾರಿನಲ್ಲಿ ಎಲ್ ಬೋರ್ಡಿನ ಹಿಂದೆ ಕೂತು ಕೆರೆಯ ಸುತ್ತ ಬಂದರು. ಓಟದ ದಾರಿ ಎಲ್ಲಿ ತಿರುಗುತ್ತದೆ, ಕಿತ್ತಳೆ ಬಣ್ಣದ ತೇಲುಗುರುತುಗಳು ಎಲ್ಲಿ ನಿಲ್ಲುತ್ತವೆ, ಹಕ್ಕಿಗಳು ಗೂಡು ಕಟ್ಟುವ ಜೊಂಡಿನಿಂದ ದೋಣಿ ಎಷ್ಟು ದೂರವಿರುತ್ತದೆ ಎಲ್ಲವನ್ನೂ ಅಕ್ಕ ತೋರಿಸಿದಳು. ಕೆರೆಯಂಚಿನ ಮನೆಯ ನಿವೃತ್ತ ಮೇಷ್ಟ್ರಿಗೆ ಮೋಟಾರಿನ ಸದ್ದು ಆಗದು. ಅವರ ಮಧ್ಯಾಹ್ನದ ನಿದ್ದೆಗೆ ಮುಂಚೆಯೇ ಓಟ ಮುಗಿಸುವುದೆಂದು ಅವರಿಂದಲೂ ಒಪ್ಪಿಗೆ ಪಡೆದಳು. ಇಳಿಯುವಾಗ ಸಾಹೇಬರ ಮುಖ ಬೆವತಿತ್ತು. ಬ್ರೇಕು ಹಾಕುವ ಅವಳ ರೀತಿಯೇ ಹಾಗೆ.

"ಎಲ್ಲಾ ಸರಿ ಅಮ್ಮ," ಅಂದರು. "ಆದ್ರೆ ಒಂದು ಮಾತು. ಪ್ರಮಾಣಪತ್ರ ಇರೋರು ಒಬ್ರು ರಕ್ಷಣಾ ದೋಣಿ ಓಡಿಸ್ಬೇಕು. ಅವರು ಬಂದು ನಿಲ್ಲೋವರೆಗೂ ನಾನು ಸೀಟಿ ಊದಲ್ಲ."

ಅಗ್ನಿಶಾಮಕ ಠಾಣೆಯವರು ದೋಣಿ ಕೊಡಲು ಒಪ್ಪಿದರು. ಅದನ್ನು ಓಡಿಸುವ ಅವರ ಒಬ್ಬನೇ ಮನುಷ್ಯ ಕಾಲು ಮುರಿದುಕೊಂಡು ಮಲಗಿದ್ದ. ಆ ಪ್ರಮಾಣಪತ್ರವಿದ್ದ ಇನ್ನೊಬ್ಬರು ಯಾರೆಂದು ನಾವಿಬ್ಬರೂ ಒಬ್ಬರಿಗೊಬ್ಬರು ಹೇಳಬೇಕಾಗಿರಲಿಲ್ಲ.

"ಫೋನ್ ಮಾಡು," ಅಂದೆ.

"ನೀನು ಹೋಗಿ ಬಾ," ಅಂದಳು. "ನಿನ್ನ ಮೇಲೆ ಯಾರಿಗೂ ಸಿಟ್ಟಿಲ್ಲ. ನಾನು ಬಾಯಿ ತೆಗೆದ್ರೆ ನಿಧಾನ ಅಂತಲೇ ಬರುತ್ತೆ."

ಹೀಗೆ ಕೂತಲ್ಲೇ ಬೇರು ಬಿಡುವ ನಾನು ಬಂದರಿಗೆ ಬಸ್ಸು ಹತ್ತಿದೆ. ಭಾವ ಕಟ್ಟೆಯ ತುದಿಯಲ್ಲಿ ಕೂತು ಹಗ್ಗ ಸುತ್ತುತ್ತಿದ್ದರು. ತಲೆಕೂದಲು ಬೆಳ್ಳಗಾಗಿತ್ತು, ಕೈ ಮಾತ್ರ ಅದೇ ಚುರುಕು. ಚಹಾ ತರಿಸಿದರು. ನಾನು ನೋಟಿಸಿನಿಂದ ಹಿಡಿದು ಮುರಿದ ಕಾಲಿನವರೆಗೆ ಎಲ್ಲವನ್ನೂ ಹೇಳಿದೆ. ಅವರು ದೋಣಿಯ ತಳಕ್ಕೆ ಬಣ್ಣ ಹೊಡೆಸಿದ್ದಾರಾ ಎಂದು ಕೇಳಿದರು. ಅಕ್ಕ ಇನ್ನೂ ರಾತ್ರಿ ಎದ್ದು ಬಾಗಿಲ ಚಿಲಕ ನೋಡುತ್ತಾಳಾ ಎಂದು ಕೇಳಿದರು. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಓಟ ಅಂದೆ. ಆಗ ಸೈರನ್ ಆಯಿತು, ಕಲಿಯುವವರು ನೀರಿನ ಬಳಿ ಸಾಲಾಗಿ ನಿಂತರು. ಭಾವ ಎದ್ದು ಟೋಪಿ ಹಾಕಿಕೊಂಡರು.

"ಸರಿ ಕಣಮ್ಮ, ಬರ್ತೀನಿ," ಎಂದು ಹೇಳಿ ಇಳಿದುಹೋದರು.

ಬಸ್ಸಿನಲ್ಲಿ ದಾರಿಯುದ್ದಕ್ಕೂ ನಾನು ಖುಷಿಯಾಗಿದ್ದೆ. ಇಂಥ ಕೆಲಸಕ್ಕೆ ನಿಧಾನದವರೇ ಬೇಕು ನೋಡು ಎಂದು ಹೇಳಿಕೊಳ್ಳುವ ಆಸೆ ಹೊಟ್ಟೆಯಲ್ಲಿ ಕುಣಿಯುತ್ತಿತ್ತು. ಅಕ್ಕ ನಿಲ್ದಾಣಕ್ಕೇ ಬಂದಿದ್ದಳು.

"ಒಪ್ಕೊಂಡ್ರು," ಅಂದೆ. "ಬರ್ತೀನಿ ಅಂದ್ರು."

ಅಕ್ಕನ ಮುಖ ಬೆಳಗಿದ್ದು ಅರೆಕ್ಷಣ ಮಾತ್ರ. "ಕೂತ್ಕೊಂಡು ಅಂದ್ರಾ, ಎದ್ದು ನಿಂತು ಅಂದ್ರಾ?"

ನಾನು ಬಾಯಿ ತೆಗೆದೆ. ಕಟ್ಟೆ, ಸೈರನ್, ಟೋಪಿ ಎಲ್ಲ ಕಣ್ಣ ಮುಂದೆ ಬಂತು. 

"ನಿಂತು," ಅಂದೆ. "ಟೋಪಿ ಹಾಕ್ಕೊಂಡು."

"ಸರಿ ಬಿಡು," ಅಂದಳು ಅಕ್ಕ. ಅಷ್ಟು ಮೆಲ್ಲಗೆ ಅವಳು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಹೋಗುವವನು ಹೇಳುವ ಬರ್ತೀನಿಗೂ ಬರುವವನು ಹೇಳುವ ಬರ್ತೀನಿಗೂ ಅಕ್ಷರದ ವ್ಯತ್ಯಾಸವಿಲ್ಲ. ಅಡ್ಡಗೋಡೆಯ ಮೇಲೆ ದೀಪವಿಟ್ಟಂಥ ಮಾತು ತಂದು ನಾನು ಅವಳ ಕೈಗಿಟ್ಟಿದ್ದೆ. ನನ್ನ ದಡ್ಡತನಕ್ಕೆ ನನಗೇ ಅಳು ಬಂತು.

ಫೋನ್ ಮಾಡಿ ಬಿಡಿಸಿ ಕೇಳೋಣ ಅಂದೆ. ಅಕ್ಕ ನನ್ನ ಕೈಯಿಂದ ಫೋನು ಕಿತ್ತುಕೊಂಡಳು.

"ಬೇಡ. ಅದೇ ಮಾತನ್ನ ಆರು ವರ್ಷ ನಂಬಿದೀನಿ. ಕೇಳಿದ್ರೆ ಉತ್ತರ ಬಂದ್ಬಿಡುತ್ತೆ ಕಣೇ."

ಅಧಿಕಾರಿಗೆ ಕೊಡುವ ಪತ್ರದಲ್ಲಿ ಮಾತ್ರ ರಕ್ಷಣಾ ದೋಣಿಯ ಚಾಲಕ ಎಂಬ ಕಡೆ ಗಂಡನ ಹೆಸರನ್ನೇ ಬರೆದಳು. ಬರೆದು ಮೊಹರೂ ಒತ್ತಿದಳು. ಆ ವಾರವೆಲ್ಲ ಅವಳನ್ನು ಹಿಡಿದು ಕೂರಿಸಲು ನನ್ನಿಂದಾಗಲಿಲ್ಲ. ಹೆಸರು ಕೊಟ್ಟವರೊಬ್ಬೊಬ್ಬರ ಮನೆಗೂ ಹೋಗಿ ದೋಣಿ ಪರೀಕ್ಷೆ ಮಾಡಿದಳು. ಬೇಕರಿಯವನು, ಬ್ಯಾಂಕಿನ ಕ್ಯಾಷಿಯರಮ್ಮ, ಕೊಳಾಯಿ ರಿಪೇರಿಯವನು, ಒಬ್ಬರೊಡನೊಬ್ಬರು ಮಾತು ಬಿಟ್ಟ ಟೈರು ಅಂಗಡಿಯ ಅಣ್ಣ ತಮ್ಮ. ದೋಣಿಗೆ ಬ್ರೇಕೇ ಇಲ್ಲ ಅನ್ನುವುದು ಅವಳಿಗೆ ಮೊದಲಿನಿಂದಲೂ ನುಂಗಲಾರದ ಸಂಗತಿ. ಇರುವುದು ಒಂದು ಹಗ್ಗ. ಒಂದು ತುದಿ ಓಡಿಸುವವರ ಮಣಿಕಟ್ಟಿಗೆ, ಇನ್ನೊಂದು ತುದಿ ಎಂಜಿನ್ನಿಗೆ. ಮನುಷ್ಯ ನೀರಿಗೆ ಬಿದ್ದರೆ ಹಗ್ಗ ಕಿತ್ತು ಎಂಜಿನ್ನು ನಿಲ್ಲುತ್ತದೆ. ಆ ಹಗ್ಗವನ್ನು ಎಲ್ಲರ ಕೈಯಲ್ಲೂ ಎಳೆಸಿ ಎಳೆಸಿ ನೋಡಿದಳು. ಟೈರು ಅಂಗಡಿಯ ತಮ್ಮ ಹಗ್ಗ ಕಟ್ಟಿಕೊಳ್ಳದೆ ನಿಂತಿದ್ದಾಗ ಅಣ್ಣನೇ ಬಂದು ಬಿಗಿಯಾಗಿ ಕಟ್ಟಿ, ಒಂದೂ ಮಾತಾಡದೆ ವಾಪಸು ಹೋದ. ನಾನು ಲೈಫ್ ಜಾಕೆಟ್ಟುಗಳಿಗೆ ನಂಬರು ಹೊಲಿದುಕೊಟ್ಟೆ.

ಭಾನುವಾರ ಬೆಳಿಗ್ಗೆ ಕೆರೆಯ ದಡದಲ್ಲಿ ಜನ ಸೇರಿದರು. ಧ್ವನಿವರ್ಧಕ ಕಿರುಚುತ್ತಿತ್ತು. ದೋಣಿಗಳು ನೀರಿಗಿಳಿದು ಗುರುಗುಟ್ಟುತ್ತಿದ್ದವು, ಪೆಟ್ರೋಲಿನ ವಾಸನೆ ಗಂಟಲಿಗೆ ಹತ್ತುತ್ತಿತ್ತು. ನೋಡೋಣ ಸಾಹೇಬರು ಕೊರಳಿಗೆ ಸೀಟಿ ನೇತುಹಾಕಿಕೊಂಡು, ಅದನ್ನು ಬಾಯಿಗಿಡದೆ ನಿಂತಿದ್ದರು. ಅಕ್ಕ ದಡದಿಂದ ರಸ್ತೆಗೆ, ರಸ್ತೆಯಿಂದ ದಡಕ್ಕೆ ನಡೆದೇ ನಡೆದಳು. ಬಂದರಿನ ಕಡೆಯ ಬಸ್ಸು ಬಂತು. ಅದರಿಂದ ಒಂದು ಮುದುಕಿ ಇಳಿದಳು, ಎರಡು ಗೋಣಿಚೀಲ ಇಳಿದವು. ಬಸ್ಸು ಹೋಯಿತು.

"ಒಂಬತ್ತಾಯ್ತಲ್ಲಮ್ಮ," ಅಂದರು ಸಾಹೇಬರು. ಅವರ ದನಿಯಲ್ಲೂ ಬೇಸರವಿತ್ತು. ಕೆಟ್ಟವರೇನಲ್ಲ. "ನಾನೇನು ಮಾಡ್ಲಿ ಹೇಳಿ? ನಾಳೆ ಯಾರಾದ್ರೂ ಮುಳುಗಿದ್ರೆ?"

"ಸ್ವಲ್ಪ ನೋಡೋಣ ಸಾರ್," ಅಂದಳು ಅಕ್ಕ. ಆ ಮಾತು ಅವಳ ಬಾಯಿಂದ ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಸಾಹೇಬರು ಕೂರಲಿ, ಕೂತರೆ ಇನ್ನಷ್ಟು ಹೊತ್ತು ಕಾದಾರು ಎಂದು ನಾನು ಶೆಡ್ಡಿನಿಂದ ಕುರ್ಚಿ ತರಲು ಹೋದೆ. ಅಗ್ನಿಶಾಮಕದವರು ಹಿಂದಿನ ದಿನ ತಂದಿಟ್ಟ ರಕ್ಷಣಾ ದೋಣಿ ಅದರೊಳಗೇ ಇತ್ತು. ಮುಂಬಾಗಿಲು ತೆಗೆದರೆ, ನೀರಿನ ಕಡೆಯ ಹಿಂಬಾಗಿಲು ಆಗಲೇ ತೆರೆದಿತ್ತು. ಎಂಜಿನ್ನಿನ ಮುಚ್ಚಳ ಬಿಚ್ಚಿ, ಮೊಣಕೈವರೆಗೆ ಎಣ್ಣೆ ಬಳಿದುಕೊಂಡು ಭಾವ ಕೂತಿದ್ದರು. ಪಕ್ಕದಲ್ಲಿ ಶೆಡ್ಡಿನದು, ಅವರದೇ ಹಳೆಯ ಬೀಗದಕೈ. ಆರು ವರ್ಷವೂ ಅದನ್ನು ಇಟ್ಟುಕೊಂಡಿದ್ದರು.

"ಪ್ಲಗ್ಗು ಹೋಗಿತ್ತು ಇದರದು, ಈಗ ಸರಿಹೋಯ್ತು," ಅಂದರು. "ಬೆಳಗಿನ ಜಾವ ಲಾರಿಯಲ್ಲಿ ಬಂದೆ. ಆಗಿಂದ ಕೂತಿದೀನಿ. ಒಬ್ರಾದ್ರೂ ಈ ಕಡೆ ತಲೆ ಹಾಕಬಾರದಾ?"

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು ನಮ್ಮ ಬಾಳು. ನಗುವುದೋ ಬಯ್ಯುವುದೋ ತಿಳಿಯದೆ ನಾನು ಬಯ್ದೆ. "ನೀವು ಎದ್ದು ನಿಂತು ಬರ್ತೀನಿ ಅಂದಿದ್ರಿ ಅಂತ ಅಕ್ಕ ವಾರದಿಂದ ನಿದ್ದೆ ಮಾಡಿಲ್ಲ, ಗೊತ್ತಾ? ಬರೋರಾದ್ರೆ ಕೂತ್ಕೊಂಡು ಹೇಳೋಕೇನಾಗಿತ್ತು ನಿಮಗೆ?"

ಭಾವ ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟರು.  ಅಷ್ಟರಲ್ಲಿ ನನ್ನ ದನಿ ಕೇಳಿ ಅಕ್ಕ ಬಾಗಿಲಿಗೆ ಬಂದಿದ್ದಳು. ಗಂಡನನ್ನು ಕಂಡಳು. ಅಳಲಿಲ್ಲ, ಹೇಗಿದ್ದೀರಿ ಅನ್ನಲಿಲ್ಲ.

"ಜಾಕೆಟ್ ಹಾಕ್ಕೊಳ್ಳಿ ರೀ," ಅಂದಳು. "ಸಾಹೇಬ್ರು ಕಾಯ್ತಿದಾರೆ."

ರಕ್ಷಣಾ ದೋಣಿಯಲ್ಲಿ ಇಬ್ಬರಿರಬೇಕು, ಓಡಿಸುವವರೊಬ್ಬರು, ನೀರಿನ ಮೇಲೆ ಕಣ್ಣಿಡುವವರೊಬ್ಬರು. ಎರಡನೆಯವಳಾಗಿ ಅಕ್ಕನೇ ಹತ್ತಿದಳು. ಸಾಹೇಬರು ಸೀಟಿ ಊದಿದರು. ಐದು ದೋಣಿಗಳು ನೀರನ್ನು ಸೀಳಿಕೊಂಡು ಹೊರಟವು, ಮೇಷ್ಟ್ರು ಕೂಡ ತಮ್ಮ ಜಗುಲಿಯಲ್ಲಿ ಎದ್ದು ನಿಂತರು. ಎರಡನೇ ಸುತ್ತಿನಲ್ಲಿ ಬೇಕರಿಯವನು ತಿರುವಿನಲ್ಲಿ ಅತಿಯಾಸೆ ಮಾಡಿ ಮಗುಚಿಬಿದ್ದ. ಹಗ್ಗ ಕಿತ್ತು ಅವನ ಎಂಜಿನ್ನು ನಿಂತಿತು, ಕೆಂಪು ಜಾಕೆಟ್ಟು ತೇಲಿತು. ಅಧಿಕಾರಿ ಕುರ್ಚಿಯಿಂದೆದ್ದರು. ಭಾವ ಓಡಿಸುತ್ತಿದ್ದ ರಕ್ಷಣಾ ದೋಣಿ ಮೂತಿ ಎತ್ತಿ ನುಗ್ಗಿತು. ಅಕ್ಕ ಎರಡೂ ಕಾಲಿನಲ್ಲಿ ತಳದ ಹಲಗೆಯನ್ನು ಒತ್ತುತ್ತಿದ್ದಳಂತೆ. ಆಮೇಲೆ ಅವಳೇ ಹೇಳಿದ್ದು.

"ನಿಧಾನ ರೀ, ಅವನ ಮೇಲೆ ಹತ್ತಿಸ್ತೀರಾ," ಅಂದಳಂತೆ.

"ಒತ್ತು, ಎಷ್ಟು ಬೇಕೋ ಅಷ್ಟು ಒತ್ತು," ಅಂದರಂತೆ ಭಾವ. "ಇದಕ್ಕೆ ಬ್ರೇಕಿಲ್ಲ ಕಣೇ. ವೇಗ ಬಿಟ್ಟುಕೊಟ್ರೆ ನೀರೇ ಹಿಡಿದು ನಿಲ್ಲಿಸುತ್ತೆ."

ಹಾಗೇ ಆಯಿತು. ಎಂಜಿನ್ನು ಇಳಿಸಿದ್ದೇ ದೋಣಿ ಬೇಕರಿಯವನ ಪಕ್ಕಕ್ಕೆ ಮೆಲ್ಲಗೆ ಬಂದು ನಿಂತಿತು. ಅಕ್ಕ ಅವನ ಜಾಕೆಟ್ಟಿನ ಕೊರಳಪಟ್ಟಿ ಹಿಡಿದು ಎಳೆದುಕೊಂಡಳು. ನನ್ನ ಹೊಲಿಗೆ ಬಿಚ್ಚಲಿಲ್ಲ. ಓಟವನ್ನು ಗೆದ್ದದ್ದು ಕ್ಯಾಷಿಯರಮ್ಮ. ಸಾಹೇಬರು ಅನುಮತಿಯ ಕಾಗದಕ್ಕೆ ಅಲ್ಲೇ ದಡದಲ್ಲಿ ಸಹಿ ಹಾಕಿ, "ಮುಂದಿನ ವರ್ಷ," ಎಂದು ಶುರುಮಾಡಿ, ನೋಡೋಣ ಅನ್ನಲು ಹೋಗಿ, ಅಕ್ಕನ ಮುಖ ನೋಡಿ ಬಾಯಿ ಮುಚ್ಚಿಕೊಂಡರು.

ಮಧ್ಯಾಹ್ನಕ್ಕೆ ದಡ ಖಾಲಿಯಾಯಿತು. ಭಾವ ತಮ್ಮ ದೋಣಿಯ ಟಾರ್ಪಾಲು ಸರಿಸಿ, ತಳ ತಟ್ಟಿ ನೋಡಿ, ಮತ್ತೆ ಹೊದಿಸಿದರು. ರಸ್ತೆಯಾಚೆ ಬಂದರಿನ ಬಸ್ಸು ಬಂದು ನಿಂತಿತ್ತು; ಡ್ರೈವರು ಚಹಾ ಕುಡಿಯುತ್ತಿದ್ದ. ಭಾವ ಬ್ಯಾಗು ಹೆಗಲಿಗೇರಿಸಿದರು. ಅಕ್ಕ ಶೆಡ್ಡಿನ ಮೆಟ್ಟಿಲ ಬಳಿ ನಿಂತಿದ್ದಳು.

"ರೀ," ಅಂದಳು. "ಈ ಸಲ ಬರ್ತೀನಿ ಅನ್ಬೇಡಿ. ಹೋಗೋದಾದ್ರೆ ಹೋಗ್ತೀನಿ ಅಂತಲೇ ಹೇಳಿ. ನಾನು ತಡ್ಕೋತೀನಿ."

ಭಾವ ಬಾಯಿ ತೆಗೆದರು. "ಹೋ" ಎಂಬಷ್ಟು ಬಂತು. ಯಾರ ಬಾಯಲ್ಲೂ ಸುಲಭವಾಗಿ ಬರುವ ಮಾತಲ್ಲ ಅದು, ಅವರ ಬಾಯಲ್ಲೂ ಬರಲಿಲ್ಲ. ಬ್ಯಾಗನ್ನು ಇಳಿಸಿದರು. ಮೆಟ್ಟಿಲ ಮೇಲೆ ಕೂತರು. ಪ್ಯಾಂಟು ಸರಿಮಾಡಿಕೊಂಡು, ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡು, ಪರೀಕ್ಷೆಗೆ ಬಂದವರ ಹಾಗೆ ನೆಟ್ಟಗೆ ಕೂತರು.

"ಬರ್ತೀನಿ," ಅಂದರು.

ಅಷ್ಟು ಹೇಳಿ ಎದ್ದು, ಬ್ಯಾಗು ತೆಗೆದುಕೊಂಡು ರಸ್ತೆ ದಾಟಿ ಬಸ್ಸು ಹತ್ತಿದರು. ಅಕ್ಕ ಕಂಬದ ಹಾಗೆ ನಿಂತಿದ್ದಳು. ಬಸ್ಸು ಹೊರಟಿತು. ಆಗ ಅವಳು ನನ್ನ ತೋಳು ಹಿಡಿದಳು.

"ಯಾವಾಗ ಅಂತ ಈ ಸಲಾನೂ ಕೇಳ್ಲಿಲ್ಲ ಕಣೇ."

ಹೋಗಲಿ ಬಿಡು, ಹೇಳಿದ್ದಾರಲ್ಲ ಎಂದು ನಾನು ಹೇಳಿ ಮುಗಿಸುವಷ್ಟರಲ್ಲಿ ಅವಳು ರಸ್ತೆಯ ನಡುವೆ ಓಡುತ್ತಿದ್ದಳು. ಬಲಗೈ ಎತ್ತಿ, ಕಲಿಯುವವರಿಗೆ ಕೂಗುವ ದನಿಯಲ್ಲಿ, "ನಿಲ್ಸು," ಅಂದಳು. ಆ ಡ್ರೈವರನಿಗೆ ಗಾಡಿ ಕಲಿಸಿದವಳು ಅವಳೇ. ಕನ್ನಡಿಯಲ್ಲಿ ಆ ಕೈ ಕಂಡಿತೋ ದನಿ ಕೇಳಿಸಿತೋ, ಅವನ ಕಾಲು ಬ್ರೇಕಿಗೆ ಹೋದದ್ದು ಮಾತ್ರ ಬಸ್ಸು ಕಿರುಗುಟ್ಟಿದ್ದರಲ್ಲೇ ತಿಳಿಯಿತು. ಅಕ್ಕ ಕಿಟಕಿಯ ಕೆಳಗೆ ನಿಂತು ತಲೆಯೆತ್ತಿ ಏನೋ ಕೇಳಿದಳು. ಭಾವ ಬಗ್ಗಿ ಏನೋ ಹೇಳಿದರು. ಬಸ್ಸಿನಲ್ಲಿದ್ದವರೆಲ್ಲ ಈ ಕಡೆಯ ಕಿಟಕಿಗಳಿಗೆ ಬಂದು ನೋಡುತ್ತಿದ್ದರು.

ಬಸ್ಸು ಹೋದ ಮೇಲೆ ಅವಳು ವಾಪಸು ಬಂದಳು, ನಡೆದುಕೊಂಡು. ನಾನು ಶೆಡ್ಡಿನ ಮೆಟ್ಟಿಲ ಮೇಲೆ ಕೂತಿದ್ದೆ.

"ಯಾವಾಗಂತೆ?"

"ಬರೋ ಭಾನುವಾರ. ದೋಣಿಗೆ ಬಣ್ಣ ಹೊಡೀಬೇಕಂತೆ."

ಅಷ್ಟು ಹೇಳಿ ಅಕ್ಕ ನನ್ನ ಪಕ್ಕ ಕೂತಳು. ಸುಮಾರು ಹೊತ್ತು ಕೂತೇ ಇದ್ದಳು.